ಲೋಣಾವಳಾದ ಯೋಗ ಕಾಲೇಜು ಗ್ರಂಥಾಲಯ ಮತ್ತು ಕನ್ನಡದ ಶಿವಯೋಗ ಸಾಹಿತ್ಯ

ಲೋಣಾವಳಾದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕಾರ್ಲೆಯ ಬೌದ್ಧ ಚೈತ್ಯದಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಒಂದು ಕಿರುಶಾಸನವಿದೆ. ವೈಜಯಂತಿಯ ಶ್ರೇಷ್ಠಿ ಭೂತಪಾಲನು ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದು ಅದು ತಿಳಿಸುತ್ತದೆ. ಈ ವೈಜಯಂತಿಯನ್ನು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೊಂದಿಗೆ ವಿದ್ವಾಂಸರು ಗುರುತಿಸಿದ್ದಾರೆ. ದಾನಿಯ ಹೆಸರು, ಅವನ ಊರು, ಅವನು ಮಾಡಿದ ಕಾರ್ಯ, ಈ ಮೂರು ಸಂಗತಿಗಳು ಒಂದೇ ಸಾಲಿನಲ್ಲಿ ದಾಖಲಾಗಿರುವುದರಿಂದ ಸಹ್ಯಾದ್ರಿಯ ಎರಡು ನೆಲೆಗಳ ನಡುವಣ ಪ್ರಾಚೀನ ಸಂಬಂಧವು ನಮಗೆ ಇಂದಿಗೂ ತಿಳಿಯುತ್ತದೆ.

ಅದೇ ಲೋಣಾವಳಾದಲ್ಲಿ ಯೋಗ ವಿಷಯಕ್ಕೆಂದೇ ಬೆಳೆದ ಒಂದು ಕಾಲೇಜು ಗ್ರಂಥಾಲಯವಿದೆ. ಅದರ ಕಾರ್ಯವಿಧಾನದಿಂದ ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಧ್ಯಯನಕ್ಕೆ ಒದಗುವ ನೆರವೇನು, ಕನ್ನಡ ವಿದ್ವಾಂಸರಿಂದ ಅಂಥ ಗ್ರಂಥಾಲಯಗಳಿಗೆ ಸಲ್ಲಬೇಕಾದುದೇನು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಪ್ರಯತ್ನಿಸಿದ್ದೇವೆ. ಹೊರರಾಜ್ಯಗಳಲ್ಲಿದ್ದು ಕನ್ನಡದಲ್ಲಿ ಸಂಶೋಧನೆ ನಡೆಸುವವರಿಗೆ ಎರಡನೆಯ ಪ್ರಶ್ನೆಯು ಹೆಚ್ಚು ನಿಕಟವಾದುದೆಂದು ನಮ್ಮ ಭಾವನೆ.

1. ಪ್ರಯೋಗಾಲಯದ ಪಕ್ಕದ ಗ್ರಂಥಾಲಯ

ಸ್ವಾಮಿ ಕುವಲಯಾನಂದರು (1883-1966) ಲೋಣಾವಳಾದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ್ದು 1924ರಲ್ಲಿ. ಅವರ ಪೂರ್ವಾಶ್ರಮದ ಹೆಸರು ಜಗನ್ನಾಥ ಗಣೇಶ ಗುಣೆ. ಬರೋಡೆಯಲ್ಲಿ ಮಾಣಿಕರಾಯರಿಂದ ವ್ಯಾಯಾಮವನ್ನೂ ನರ್ಮದಾ ತೀರದ ಮಾಲ್ಸರದಲ್ಲಿ ಪರಮಹಂಸ ಮಾಧವದಾಸರಿಂದ ಯೋಗವನ್ನೂ ಕಲಿತವರು. ಸಂಸ್ಥೆಯೊಂದಿಗೆ ಅದೇ ವರ್ಷ 'ಯೋಗ ಮೀಮಾಂಸಾ' ಎಂಬ ಇಂಗ್ಲಿಷ್ ತ್ರೈಮಾಸಿಕವೂ ಆರಂಭವಾಯಿತು. ತಜ್ಞರಿಗೆ ವೈಜ್ಞಾನಿಕ ವಿಭಾಗ, ಸಾಮಾನ್ಯರಿಗೆ ಜನಪ್ರಿಯ ವಿಭಾಗ, ಇವೆರಡರ ನಡುವೆ ಅರೆವೈಜ್ಞಾನಿಕ ವಿಭಾಗ, ಹೀಗೆ ಓದುಗರ ಅಧಿಕಾರಭೇದವನ್ನರಿತು ಪತ್ರಿಕೆಯನ್ನು ರೂಪಿಸಿದ್ದು ಗಮನಾರ್ಹ. 1950ರ ದಶಕದ ಆರಂಭದಲ್ಲಿ ಗೋರ್ಧನದಾಸ ಸೇಕ್ಸರಿಯಾ ಯೋಗ ಮತ್ತು ಸಾಂಸ್ಕೃತಿಕ ಸಮನ್ವಯ ಕಾಲೇಜು ಸಂಸ್ಥೆಯ ಅಂಗವಾಯಿತು. ಮೂಲಗ್ರಂಥ, ಶರೀರವಿಜ್ಞಾನ ಹಾಗೂ ಅಭ್ಯಾಸಗಳನ್ನು ಒಂದೇ ಪಠ್ಯಕ್ರಮದಲ್ಲಿ ತಂದ ಕಾಲೇಜು ಅದು. ಆದ್ದರಿಂದ ಅಲ್ಲಿಯ ಗ್ರಂಥಾಲಯವನ್ನು ಪ್ರಯೋಗಾಲಯದಿಂದಲೂ ಗ್ರಂಥಸಂಪಾದನ ವಿಭಾಗದಿಂದಲೂ ಬೇರ್ಪಡಿಸಿ ನೋಡಲಾಗದು.

ಈ ಸಾಮೀಪ್ಯದ ಫಲವನ್ನು ಒಂದು ನಿದರ್ಶನದಿಂದ ವಿವರಿಸಬಹುದು. ಸ್ವಾತ್ಮಾರಾಮನ 'ಹಠಪ್ರದೀಪಿಕಾ' ಬಸ್ತಿಕರ್ಮವನ್ನು ವಿವರಿಸುವಾಗ ಸಾಧಕನು ನಾಭಿಯವರೆಗಿನ ನೀರಿನಲ್ಲಿ ಕುಳಿತು ಗುದದಲ್ಲಿ ನಳಿಕೆಯನ್ನಿಟ್ಟುಕೊಳ್ಳಬೇಕೆಂದು ವಿಧಿಸುತ್ತದೆ. ನೀರು ಮೇಲೇರುವುದು ಯಾವ ಕಾರಣದಿಂದ? ಕುವಲಯಾನಂದರು ಉಡ್ಡಿಯಾನ ಮತ್ತು ನೌಲಿ ಕ್ರಿಯೆಗಳನ್ನು ಕ್ಷ-ಕಿರಣಗಳ ನೆರವಿನಿಂದ ಪರೀಕ್ಷಿಸಿದರು. ಆಗ ಕರುಳಿನೊಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕೆಳಗಿಳಿಯುವುದನ್ನು ಮಾಪಕದಿಂದ ಅಳೆದರು. ಈ ಅಂಶಿಕ ನಿರ್ವಾತಕ್ಕೆ ತಮ್ಮ ಗುರುವಿನ ಸ್ಮರಣೆಯಲ್ಲಿ ಮಾಧವದಾಸರ ಹೆಸರನ್ನೇ ಇಟ್ಟರು. ಶ್ಲೋಕದಲ್ಲಿ ಬಂದ ನಳಿಕೆಯು ನೀರಿಗೆ ದಾರಿಯನ್ನು ತೆರೆದಿಡುವ ಉಪಕರಣವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಾಠವು ಯಂತ್ರಕ್ಕೆ ಪ್ರಶ್ನೆಯನ್ನು ಒದಗಿಸಿತು. ಯಂತ್ರವು ಪಾಠದ ಒಂದು ಪದಕ್ಕೆ ಅರ್ಥವನ್ನು ಒದಗಿಸಿತು.

2. ಸಂಪಾದನೆ, ಕೋಶ, ಸೂಚಿ

ಪ್ರಯೋಗಕ್ಕೆ ಶುದ್ಧಪಾಠವು ಅಗತ್ಯ. ಇದನ್ನರಿತ ಸಂಸ್ಥೆಯು ಹಸ್ತಪ್ರತಿಗಳನ್ನು ಹೋಲಿಸಿ ಗ್ರಂಥಗಳನ್ನು ಸಂಪಾದಿಸುವ ಕಾರ್ಯವನ್ನೂ ಕೈಗೊಂಡಿತು. 'ಗೋರಕ್ಷಶತಕ' (1958), 'ಹಠಪ್ರದೀಪಿಕಾ' (1970), 'ಘೇರಂಡಸಂಹಿತಾ' (1978) ಇವುಗಳ ಆವೃತ್ತಿಗಳು, ಪಾರಿಭಾಷಿಕ ಪದಗಳ 'ಯೋಗಕೋಶ'ದ ಮೊದಲ ಸಂಪುಟ (1972), ಯೋಗ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿ (1989, ಪರಿಷ್ಕರಣ 2005) ಈ ಶ್ರಮದ ಫಲಗಳು. ಇಲ್ಲಿ ದುಡಿದ ಎಂ. ಎಲ್. ಘರೋಟೆಯವರು 1996ರಲ್ಲಿ ಅದೇ ಊರಿನಲ್ಲಿ ಲೋಣಾವಳಾ ಯೋಗ ಸಂಸ್ಥೆಯನ್ನು ಸ್ಥಾಪಿಸಿ, 'ಹಠರತ್ನಾವಲೀ' ಮೊದಲಾದ ಗ್ರಂಥಗಳನ್ನು ಬೆಳಕಿಗೆ ತಂದರು.

ಕ್ಷ-ಕಿರಣಯಂತ್ರವನ್ನು ಆ ಕಾಲದ ನೂತನ ತಂತ್ರಜ್ಞಾನವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಸೂಚಿಯೂ ಒಂದು ತಂತ್ರಜ್ಞಾನವೇ. ಸೂಚಿಯಲ್ಲಿಲ್ಲದ ಪ್ರತಿಯು ಕಪಾಟಿನಲ್ಲಿದ್ದರೂ ಸಂಶೋಧಕನ ಪಾಲಿಗೆ ಇಲ್ಲದಂತೆಯೇ. ಇದಕ್ಕೆ ಮೈಸೂರಿಗೆ ಸಂಬಂಧಿಸಿದ ಒಂದು ಸಾಕ್ಷ್ಯವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳನ್ನು ಎನ್. ಇ. ಶೋಮನ್ 1996ರಲ್ಲಿ ಪ್ರಕಟಿಸಿದಾಗ ಅವುಗಳ ಆಕರವು ತಿಳಿದಿರಲಿಲ್ಲ. ಕಪಾಲಕುರಂಟಕನ 'ಹಠಾಭ್ಯಾಸಪದ್ಧತಿ' ಎಂಬ ಗ್ರಂಥದ ಪ್ರತಿಯೊಂದು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಲದಲ್ಲಿದ್ದು, ಆ ಆಸನಗಳ ಮೂಲವು ಅದರಲ್ಲಿದೆಯೆಂಬುದನ್ನು ಜೇಸನ್ ಬರ್ಚ್ ಮತ್ತು ಮಾರ್ಕ್ ಸಿಂಗಲ್ಟನ್ 2019ರ ತಮ್ಮ ಲೇಖನದಲ್ಲಿ ವಿಶದಪಡಿಸಿದರು. ಮೈಸೂರಿನ ಚಿತ್ರಕ್ಕೆ ಪುಣೆಯ ಹಸ್ತಪ್ರತಿಯು ಉತ್ತರವಾಯಿತು. ಎರಡೂ ಬಹುಕಾಲದಿಂದ ಭದ್ರವಾಗಿಯೇ ಇದ್ದವು. ಇವೆರಡರ ನಡುವಿನ ಕೊಂಡಿ ಮಾತ್ರ ಇರಲಿಲ್ಲ.

ಆಧುನಿಕ ಕಾಲದಲ್ಲಿಯೂ ಈ ಎರಡು ನೆಲೆಗಳ ನಡುವೆ ಸಂಪರ್ಕವಿತ್ತು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದವರಾದ ತಿರುಮಲೈ ಕೃಷ್ಣಮಾಚಾರ್ಯರು ಕುವಲಯಾನಂದರ ಕಾರ್ಯವನ್ನು ನೋಡಲು 1930ರ ದಶಕದಲ್ಲಿ ಮೈಸೂರು ಸಂಸ್ಥಾನದಿಂದ ಲೋಣಾವಳಾಕ್ಕೆ ಹೋಗಿದ್ದರು. ಅವರ 'ಯೋಗಮಕರಂದ' (1934) ಕನ್ನಡದಲ್ಲಿ ರಚಿತವಾದುದು. ಇಂದು ಜಗತ್ತಿನಾದ್ಯಂತ ಆ ಗ್ರಂಥವನ್ನು ಉಲ್ಲೇಖಿಸುವವರಲ್ಲಿ ಹೆಚ್ಚಿನವರು ಓದಿರುವುದು ಅದರ ಅನುವಾದವನ್ನು.

3. ಪರಮಾರ್ಥಪ್ರಕಾಶಿಕೆಯ ಸ್ಥಾನ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರಬಹುದು. ಚನ್ನಸದಾಶಿವಯೋಗಿಯ 'ಶಿವಯೋಗಪ್ರದೀಪಿಕಾ' ಎಂಬ ಸಂಸ್ಕೃತ ಗ್ರಂಥವು ಮಂತ್ರ, ಲಯ, ಹಠ, ರಾಜ ಎಂಬ ನಾಲ್ಕು ಯೋಗಗಳನ್ನು ನಿರೂಪಿಸಿ, ರಾಜಯೋಗವನ್ನು ಸಾಂಖ್ಯ, ತಾರಕ, ಅಮನಸ್ಕ ಎಂದು ಮೂರಾಗಿ ವಿಭಾಗಿಸುತ್ತದೆ. ಯೋಗಾಂಗಗಳನ್ನು ಶಿವಪೂಜೆಯಾಗಿ ಪರಿಭಾವಿಸುತ್ತದೆ. ಪುಣೆಯ ಆನಂದಾಶ್ರಮ ಸಂಸ್ಕೃತ ಗ್ರಂಥಾವಳಿಯಲ್ಲಿ ಇದು ಮುದ್ರಿತವಾಗಿದೆ. ಈ ಗ್ರಂಥಕ್ಕೆ ನಿಜಗುಣ ಶಿವಯೋಗಿಯು ಕನ್ನಡ ಗದ್ಯದಲ್ಲಿ ಬರೆದ ವ್ಯಾಖ್ಯಾನವೇ 'ಪರಮಾರ್ಥಪ್ರಕಾಶಿಕೆ'. ನಿಜಗುಣನ ಕಾಲ ಸುಮಾರು 1500. ಅವನ 'ವಿವೇಕಚಿಂತಾಮಣಿ'ಯು 1604ರಷ್ಟು ಹಿಂದೆಯೇ ಮರಾಠಿಗೆ ಅನುವಾದಗೊಂಡಿತ್ತು. ಆದ್ದರಿಂದ ಈ ಲೇಖಕನು ಮಹಾರಾಷ್ಟ್ರಕ್ಕೆ ಅಪರಿಚಿತನಲ್ಲ.

ಆದರೂ ಗ್ರಂಥಾಲಯದ ವರ್ಗೀಕರಣದಲ್ಲಿ ಏನಾಗುತ್ತದೆ? ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಯೋಗದರ್ಶನಕ್ಕೆ 181.45, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಗಳಿವೆ. ಮೂಲವು ಯೋಗದ ಕಪಾಟಿಗೂ ಅದರ ವ್ಯಾಖ್ಯಾನವು ಸಾಹಿತ್ಯದ ಅಥವಾ ವೀರಶೈವ ಧರ್ಮದ ಕಪಾಟಿಗೂ ಹೋಗುವುದು ಸಹಜ. 'ಪರಮಾರ್ಥಪ್ರಕಾಶಿಕೆ' ಎಂಬ ಹೆಸರಿನಲ್ಲಿ ಯೋಗವೆಂಬ ಪದವೇ ಇಲ್ಲ. ಮೂಲಗ್ರಂಥದ ಸುಳಿವೂ ಇಲ್ಲ. ಹೀಗಾಗಿ ಶೀರ್ಷಿಕೆಯನ್ನಷ್ಟೇ ಹುಡುಕುವವನಿಗೆ, ಅವನು ಕಾರ್ಡುಗಳನ್ನು ಮಗುಚಲಿ, ಗಣಕಯಂತ್ರದ ಮುಂದೆ ಕುಳಿತಿರಲಿ, ಈ ಗ್ರಂಥವು ದೊರೆಯುವುದಿಲ್ಲ. ಇದು ಯಾವುದೇ ಒಂದು ಗ್ರಂಥಾಲಯದ ದೋಷವಲ್ಲ. ಕೊಂಡಿಯನ್ನು ಬಲ್ಲವರು ಅದನ್ನು ದಾಖಲಿಸದಿರುವುದರ ಪರಿಣಾಮ.

ಇದರಿಂದಾಗುವ ನಷ್ಟವು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಬಸ್ತಿಯ ನಳಿಕೆಯನ್ನು ಮಾಪಕವು ವಿವರಿಸಬಲ್ಲದು. ಪ್ರಾಣಾಯಾಮವೇ ಪೂಜೆಯೆಂಬ ಮಾತಿಗೆ ಮಾಪಕದಲ್ಲಿ ಉತ್ತರವಿಲ್ಲ. ಆ ಮಾತನ್ನು ಸಮಕಾಲೀನ ಸಾಧಕರು ಹೇಗೆ ಗ್ರಹಿಸಿದರು, ಶಾಸ್ತ್ರದ ಪರಿಭಾಷೆಯನ್ನು ದೇಶಭಾಷೆಯಲ್ಲಿ ಹೇಗೆ ಬಿಡಿಸಿ ಹೇಳಿದರು ಎಂಬುದಕ್ಕೆ ವ್ಯಾಖ್ಯಾನವೊಂದೇ ಆಧಾರ. ಕನ್ನಡ ವ್ಯಾಖ್ಯಾನವನ್ನು ಬದಿಗಿಟ್ಟು ಬರೆದ ಹಠಯೋಗದ ಚರಿತ್ರೆಯು ಸಂಸ್ಕೃತದ ಚರಿತ್ರೆಯಾದೀತೇ ಹೊರತು ಸಾಧಕರ ಚರಿತ್ರೆಯಾಗಲಾರದು.

4. ಕೆಲವು ಸೂಚನೆಗಳು

ಹೊಸ ಉಪಕರಣಗಳು ಈಗ ಸುಲಭವಾಗಿ ಒದಗಿವೆ. ಯೂನಿಕೋಡ್ ಸಂಕೇತಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಲಿಪಿಗೆ ಸ್ಥಾನವಿದೆ. ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 2003ರಲ್ಲಿ ಆರಂಭವಾದ ಮೇಲೆ ಓಲೆಗರಿಗಳ ಛಾಯಾಪ್ರತಿಗಳನ್ನು ಗಣಕಕ್ಕೆ ಏರಿಸುವ ಕಾರ್ಯವು ವ್ಯಾಪಕವಾಗಿ ನಡೆಯಿತು. ಆದರೆ ಛಾಯಾಪ್ರತಿಯು ತಾನಾಗಿ ತನ್ನ ಪರಿಚಯವನ್ನು ಹೇಳಿಕೊಳ್ಳುವುದಿಲ್ಲ. ಒಂದೇ ಕೃತಿಯು ಭಾಷೆ, ವಿಷಯ, ರೂಪ ಎಂಬ ಹಲವು ಮುಖಗಳಿಂದ ದೊರೆಯುವಂತಿರಬೇಕೆಂಬ ತತ್ತ್ವವನ್ನು ಎಸ್. ಆರ್. ರಂಗನಾಥನ್ನರು 1933ರ ತಮ್ಮ ದ್ವಿಬಿಂದು ವರ್ಗೀಕರಣದಲ್ಲಿಯೇ ಅಡಕಗೊಳಿಸಿದ್ದರು. ಅದನ್ನು ಆಚರಣೆಗೆ ತರುವುದು ಈಗ ಸುಲಭವಾಗಿದೆ.

ಹೊರರಾಜ್ಯದ ಗ್ರಂಥಾಲಯಗಳಲ್ಲಿ ಕೆಲಸ ಮಾಡುವ ಸಂಶೋಧಕರು ಪ್ರತಿಯೊಂದು ದಾಖಲೆಯಲ್ಲಿ ನಾಲ್ಕು ಅಂಶಗಳನ್ನು ಗಮನಿಸಬೇಕೆಂದು ಸೂಚಿಸಬಯಸುತ್ತೇವೆ. ಮೊದಲನೆಯದಾಗಿ, ಭಾಷೆ ಮತ್ತು ಲಿಪಿಗಳನ್ನು ಬೇರೆಬೇರೆಯಾಗಿ ನಮೂದಿಸಬೇಕು. ಕನ್ನಡ ಲಿಪಿಯ ಸಂಸ್ಕೃತ ಪ್ರತಿಯು ಕನ್ನಡ ಗ್ರಂಥವಲ್ಲ. ಅದನ್ನು ಓದಬಲ್ಲವನು ಮಾತ್ರ ಕನ್ನಡಿಗನೇ ಆಗಿರುವುದು ಹೆಚ್ಚು. ಎರಡನೆಯದಾಗಿ, ವ್ಯಾಖ್ಯಾನದ ದಾಖಲೆಯಲ್ಲಿ ಮೂಲಗ್ರಂಥದ ಹೆಸರೂ ಮೂಲದ ದಾಖಲೆಯಲ್ಲಿ ವ್ಯಾಖ್ಯಾನದ ಹೆಸರೂ ಇರಬೇಕು. ಮೂರನೆಯದಾಗಿ, ಶೀರ್ಷಿಕೆಯನ್ನು ಕನ್ನಡ ಹಾಗೂ ನಾಗರೀ ಲಿಪಿಗಳೆರಡರಲ್ಲೂ ಕೊಡಬೇಕು. ನಾಲ್ಕನೆಯದಾಗಿ, ಶಿವಯೋಗವನ್ನು ಮತಧರ್ಮದ ವಿಷಯವೆಂದು ಮಾತ್ರ ಗಣಿಸದೆ ಯೋಗವೆಂಬ ವಿಷಯದಡಿಯಲ್ಲಿಯೂ ಸೇರಿಸಬೇಕು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ವಿದ್ಯಾರ್ಥಿಗಳು ಗ್ರಂಥಪಾಲಕರೊಂದಿಗೆ ಕುಳಿತು ಮಾಡಬಹುದಾದ ಕೆಲಸವಿದು; ಹಳಗನ್ನಡ, ನಡುಗನ್ನಡಗಳನ್ನು ಓದುವ ತರಬೇತಿಯೂ ಇದರಿಂದ ಸಿದ್ಧಿಸುತ್ತದೆ.

ಲೋಣಾವಳಾದ ಗ್ರಂಥಾಲಯವು ನಮಗೆ ಕಲಿಸುವ ಪಾಠವೆಂದರೆ ಗ್ರಂಥವನ್ನು ಪ್ರಶ್ನಿಸಲು ಲಭ್ಯವಿರುವ ಯಾವ ಸಾಧನವನ್ನೂ ದೂರವಿಡಬಾರದೆಂಬುದು. 1924ರಲ್ಲಿ ಆ ಸಾಧನವು ಕ್ಷ-ಕಿರಣವಾಗಿತ್ತು. ನಮ್ಮ ಪಾಲಿಗೆ ಬಂದಿರುವ ಸಾಧನವು ಅದಕ್ಕಿಂತ ಸರಳವಾದ, ಸರಿಯಾಗಿ ತುಂಬಿದ ಒಂದು ಸೂಚಿಕಾರ್ಡು. ಕಾರ್ಲೆಯ ಶಿಲ್ಪಿಯು ಭೂತಪಾಲನ ಹೆಸರಿನೊಂದಿಗೆ ಅವನ ಊರನ್ನೂ ಕೊರೆದನು. ಶಿವಯೋಗಪ್ರದೀಪಿಕೆಯ ದಾಖಲೆಯಲ್ಲಿ ನಿಜಗುಣನ ಹೆಸರನ್ನು ಸೇರಿಸುವ ಹೊಣೆಯು ಕನ್ನಡ ಬಲ್ಲ ಸಂಶೋಧಕರದು.