ಔಷಧಿ ಚೀಟಿಯಲ್ಲಿ ಹಾಲು, ತರಕಾರಿ

ವೈದ್ಯರು ಬರೆದುಕೊಡುವ ಔಷಧಿ ಚೀಟಿಯನ್ನು ನೀವು ನೋಡಿಯೇ ಇರುತ್ತೀರಿ. ಅದರಲ್ಲಿ ಮಾತ್ರೆಗಳ ಹೆಸರಿನ ಬದಲು ಹಾಲು, ಮಾಂಸ, ತರಕಾರಿ ಎಂದು ಬರೆದಿದ್ದರೆ? ಅಮೆರಿಕದಲ್ಲಿ ಒಮ್ಮೆ ಅಂಥ ಚೀಟಿಗಳನ್ನು ಬರೆದದ್ದುಂಟು.

ಮಿಸಿಸಿಪಿ ರಾಜ್ಯದ ಡೆಲ್ಟಾ ಪ್ರದೇಶ ಹತ್ತಿಯ ಸೀಮೆ. ಅಲ್ಲಿನ ಮಣ್ಣು ಬಹಳ ಫಲವತ್ತಾದದ್ದು. ಆದರೆ ಹತ್ತಿ ಬಿಡಿಸುವ ಯಂತ್ರಗಳೂ ಕಳೆನಾಶಕಗಳೂ ಬಂದ ಮೇಲೆ ಸಾವಿರಾರು ಕಪ್ಪು ಜನಾಂಗದ ಕೂಲಿಕಾರರು ಕೆಲಸ ಕಳೆದುಕೊಂಡರು. ಇಂಥ ಕಡೆ, ಮೌಂಡ್ ಬಯೂ ಎಂಬ ಊರಿನಲ್ಲಿ, 1967ರಲ್ಲಿ ಒಂದು ಆರೋಗ್ಯ ಕೇಂದ್ರ ಪ್ರಾರಂಭವಾಯಿತು. ಹಣ ಕೇಂದ್ರ ಸರ್ಕಾರದ ಬಡತನ ನಿವಾರಣೆ ಕಾರ್ಯಕ್ರಮದ್ದು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಡಾ. ಜ್ಯಾಕ್ ಗೈಗರ್.

ಚಿಕಿತ್ಸೆಗೆ ಬಂದ ಮಕ್ಕಳಲ್ಲಿ ವೈದ್ಯರು ಕಂಡದ್ದು ಅಪೌಷ್ಟಿಕತೆ. ಅವರು ಚೀಟಿಯಲ್ಲಿ ಆಹಾರವನ್ನೇ ಬರೆದರು. ತಾಯಂದಿರು ಚೀಟಿಯನ್ನು ದಿನಸಿ ಅಂಗಡಿಗೆ ಒಯ್ದು ಸಾಮಾನು ಪಡೆದರು. ಬಿಲ್ಲು ಕೇಂದ್ರದ ಔಷಧಿ ಖಾತೆಗೆ ಬಂತು. ಸರ್ಕಾರದ ಅಧಿಕಾರಿ ಆಕ್ಷೇಪವೆತ್ತಿದರು: ಆ ಹಣ ಇರುವುದು ರೋಗಕ್ಕೆ ಔಷಧಿ ಕೊಳ್ಳುವುದಕ್ಕೆ. ಗೈಗರ್ ಕೊಟ್ಟ ಉತ್ತರದ ಸಾರಾಂಶ ಇಷ್ಟೆ: ಅಪೌಷ್ಟಿಕತೆಗೆ ವೈದ್ಯಗ್ರಂಥಗಳು ಹೇಳುವ ಚಿಕಿತ್ಸೆ ಆಹಾರವೇ.

ಆದರೆ ಚೀಟಿಯಿಂದ ಎಷ್ಟು ದಿನ ಹೊಟ್ಟೆ ತುಂಬೀತು? ಕೇಂದ್ರದ ನೆರವಿನಿಂದ ಬಡ ಕುಟುಂಬಗಳೇ ಸೇರಿ 1968ರಲ್ಲಿ ಸಹಕಾರಿ ಬೇಸಾಯ ಸಂಘ ಕಟ್ಟಿಕೊಂಡವು. ಹತ್ತಿಯ ಸೀಮೆಯಲ್ಲಿ ತಮಗೆ ಬೇಕಾದ ತರಕಾರಿಗಳನ್ನು ಬೆಳೆದವು.

ಆ ಅಧಿಕಾರಿಯ ಆಕ್ಷೇಪ ಇಂದಿಗೂ ಕೇಳಿಬರುತ್ತದೆ: ಆಹಾರ ಒದಗಿಸುವುದು ವೈದ್ಯರ ಕೆಲಸವೇ? ಇದಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತರ ಸಿಕ್ಕಿದೆ. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಕುಟುಂಬಗಳನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ರೋಗಿಗಳಿಗೆ ಎರಡು ಗುಂಪಿನಲ್ಲೂ ಆಹಾರ ಸಿಕ್ಕಿತು. ಅವರ ಮನೆಯವರಿಗೆ ಮಾತ್ರ ಒಂದೇ ಗುಂಪಿನಲ್ಲಿ ಅಕ್ಕಿ, ಬೇಳೆ ಮತ್ತು ಜೀವಸತ್ವಗಳನ್ನು ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲಿದ ಪ್ರಮಾಣ ಸುಮಾರು ಶೇ. 40ರಷ್ಟು ಕಡಿಮೆ.

ಕ್ಷಯದ ರೋಗಾಣು ಎಲ್ಲರ ಮನೆಗೂ ಬರಬಹುದು. ಅರೆಹೊಟ್ಟೆಯ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಕಡಿಮೆ. ಹೀಗಿರುವಾಗ ರೋಗಿಯ ತೂಕವನ್ನೂ ಅವನ ಮನೆಯವರ ಊಟವನ್ನೂ ವಿಚಾರಿಸದೆ ಬರೆದ ಚೀಟಿ ಅಪೂರ್ಣವೇ ಸರಿ.

ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಕೆಲವರು ಹಣ ಮಂಜೂರು ಮಾಡುವ ಅಧಿಕಾರಿಗಳಾಗುವಿರಿ. ಮೌಂಡ್ ಬಯೂವಿನ ಆ ಬಿಲ್ಲು ನಿಮ್ಮ ಮೇಜಿನ ಮೇಲೆ ಬಂದರೆ ಸಹಿ ಹಾಕುವಿರಾ? ತರಗತಿಯಲ್ಲಿ ಚರ್ಚಿಸಿ ನೋಡಿ.