ಕಾಶಿಗೆ ಹೋಗುವ ಮುನ್ನ: ಯಾವ ಗುಡಿಯ ಬಾಗಿಲು ಯಾರಿಗೆ ತೆರೆಯಿತು?

ಕರ್ನಾಟಕದಿಂದ ಕಾಶಿಗೆ ಹೋಗೋದು ಈಗ ಹಿಂದಿನಷ್ಟು ದೊಡ್ಡ ಸಾಹಸವಲ್ಲ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ‘ಭಾರತ್ ಗೌರವ್ ಕಾಶಿ ದರ್ಶನ’ ರೈಲಿಗೆ ಚಾಲನೆ ಸಿಕ್ಕಿತು. ರಾಜ್ಯದ ಮುಜರಾಯಿ ಇಲಾಖೆಯ ಈ ಯಾತ್ರೆಗೆ ಆರಂಭದಲ್ಲಿ ತಲಾ 20,000 ರೂಪಾಯಿ ನಿಗದಿಯಾಗಿತ್ತು. ಅದರಲ್ಲಿ 5,000 ರೂಪಾಯಿ ಸರ್ಕಾರದ ಸಹಾಯಧನ. ಅಂದರೆ ಕಾಶಿಯಾತ್ರೆಯಲ್ಲಿ ನಮ್ಮೆಲ್ಲರ ತೆರಿಗೆ ಹಣವೂ ಇದೆ. ಹಾಗಾಗಿ ಆ ಊರನ್ನು ಸರಿಯಾಗಿ ತಿಳಿದುಕೊಳ್ಳೋದು ಭಕ್ತರಿಗಷ್ಟೇ ಬಿಟ್ಟ ವಿಷಯವಲ್ಲ.

ಪ್ಯಾಕೇಜ್ ಟೂರ್‌ಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಗಂಗಾಸ್ನಾನ, ವಿಶ್ವನಾಥ, ಅನ್ನಪೂರ್ಣೆ, ಕಾಲಭೈರವ, ಸಂಜೆ ದಶಾಶ್ವಮೇಧ ಘಾಟ್‌ನಲ್ಲಿ ಆರತಿ. ಈ ಪಟ್ಟಿ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತೆ. ಕಾಶಿಯ ಹಲವು ಗುಡಿಗಳ ಹಿಂದೆ ‘ಒಳಗೆ ಯಾರು ಬರಬಹುದು?’ ಅನ್ನೋ ದೊಡ್ಡ ಜಗಳದ ಚರಿತ್ರೆ ಇದೆ. ಆ ಜಗಳ ಗೊತ್ತಿದ್ದರೆ ಊರು ಬೇರೆಯೇ ಕಾಣುತ್ತೆ.

ಮೂರು ವಿಶ್ವನಾಥ ಗುಡಿಗಳು

ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಕಾಶಿ ವಿಶ್ವನಾಥನ ಹಳೆಯ ದೇವಾಲಯವನ್ನು 1669ರಲ್ಲಿ ಔರಂಗಜೇಬನ ಆದೇಶದಂತೆ ಕೆಡವಲಾಯಿತು. ಈಗಿರುವ ಗುಡಿಯನ್ನು 1780ರ ಸುಮಾರಿಗೆ ಕಟ್ಟಿಸಿದ್ದು ಇಂದೋರಿನ ರಾಣಿ ಅಹಲ್ಯಾಬಾಯಿ ಹೋಳ್ಕರ್. ಶಿಖರಕ್ಕೆ ಚಿನ್ನ ಕೊಟ್ಟವರು ಪಂಜಾಬಿನ ಸಿಖ್ ದೊರೆ ರಣಜಿತ್ ಸಿಂಗ್. ಇಷ್ಟನ್ನು ಗೈಡ್‌ಗಳೂ ಹೇಳ್ತಾರೆ.

ಮುಂದಿನ ಕಥೆ ಕೇಳಿಬರೋದು ಕಡಿಮೆ. ಸಂವಿಧಾನ ಜಾರಿಯಾಗಿ ಅಸ್ಪೃಶ್ಯತೆ ಕಾನೂನುಬಾಹಿರವಾದ ಮೇಲೂ ಈ ಗುಡಿಯೊಳಗೆ ದಲಿತರಿಗೆ ಪ್ರವೇಶ ಇರಲಿಲ್ಲ. 1950ರ ದಶಕದಲ್ಲಿ ಅದಕ್ಕಾಗಿ ಹೋರಾಟ ನಡೆಯಿತು. ಮುಂಚೂಣಿಯಲ್ಲಿದ್ದವರಲ್ಲಿ ಸಮಾಜವಾದಿ ನಾಯಕ ರಾಜ್ ನಾರಾಯಣ್ ಒಬ್ಬರು. 1977ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯನ್ನು ಸೋಲಿಸಿದರಲ್ಲ, ಅವರೇ. ಪ್ರವೇಶವನ್ನು ಗಟ್ಟಿಯಾಗಿ ವಿರೋಧಿಸಿದವರು ಸ್ವಾಮಿ ಕರಪಾತ್ರಿ. ಕೊನೆಗೆ ದಲಿತರು ಒಳಗೆ ಹೋದಾಗ, ಗುಡಿ ಮೈಲಿಗೆಯಾಯಿತೆಂದು ಅವರು ಮೀರ್ ಘಾಟ್ ಬಳಿ ಬೇರೆಯದೇ ವಿಶ್ವನಾಥ ಗುಡಿ ಮಾಡಿಸಿದರು. ಆ ಗುಡಿ ಈಗಲೂ ಇದೆ.

ಮೂರನೆಯದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಮದನ ಮೋಹನ ಮಾಳವೀಯರ ಕನಸು, ಬಿರ್ಲಾ ಕುಟುಂಬದ ಹಣ. 1931ರಲ್ಲಿ ಅಡಿಗಲ್ಲು ಬಿದ್ದು 1966ರಲ್ಲಿ ಪೂರ್ತಿಯಾಯಿತು. ಜಾತಿ, ಧರ್ಮ ಕೇಳದೆ ಎಲ್ಲರಿಗೂ ಪ್ರವೇಶ. ಒಂದೇ ಊರು, ಒಂದೇ ದೇವರು, ಮೂರು ಗುಡಿ. ಜಾತಿ ಪ್ರಶ್ನೆಗೆ ಹಿಂದೂ ಸಮಾಜ ಕೊಟ್ಟ ಬೇರೆಬೇರೆ ಉತ್ತರಗಳನ್ನು ಇಲ್ಲಿ ಒಂದೇ ದಿನದಲ್ಲಿ ನೋಡಿ ಬರಬಹುದು.

ಕಾರಿಡಾರ್: ಕಂಡದ್ದು, ಕಾಣದ್ದು

ಹಳೆಯ ವಿಶ್ವನಾಥ ಗುಡಿಯ ಆಡಳಿತ 1983ರ ಉತ್ತರ ಪ್ರದೇಶ ಕಾಯ್ದೆಯ ಮೂಲಕ ಅರ್ಚಕ ಮನೆತನಗಳ ಕೈಯಿಂದ ಸರ್ಕಾರ ರಚಿಸಿದ ಟ್ರಸ್ಟ್‌ಗೆ ಬಂತು. 1997ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ‘ದೇವಾಲಯಗಳನ್ನು ಸರ್ಕಾರದಿಂದ ಬಿಡಿಸಿ’ ಅನ್ನುವ ಚರ್ಚೆ ಬಂದಾಗ ಇದನ್ನು ನೆನಪಿಡಿ: ಕಾಶಿಯ ಕಾರಿಡಾರ್ ಸಾಧ್ಯವಾಗಿದ್ದು ಸರ್ಕಾರಿ ನಿಯಂತ್ರಣದಲ್ಲಿದ್ದ ಗುಡಿಯ ಸುತ್ತ, ಸರ್ಕಾರದ್ದೇ ಯೋಜನೆಯಾಗಿ.

2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ, 2021ರ ಡಿಸೆಂಬರ್ 13ರಂದು ಉದ್ಘಾಟನೆ. ಸರ್ಕಾರದ ಲೆಕ್ಕದಲ್ಲೇ ಹೇಳೋದಾದರೆ, ಸುಮಾರು 3,000 ಚದರ ಅಡಿ ಇದ್ದ ಆವರಣ 5 ಲಕ್ಷ ಚದರ ಅಡಿಯಾಯಿತು. ಅದಕ್ಕಾಗಿ 300ಕ್ಕೂ ಹೆಚ್ಚು ಆಸ್ತಿಗಳನ್ನು ಖರೀದಿಸಲಾಯಿತು. ಸುಮಾರು 1,400 ಅಂಗಡಿಯವರು, ಬಾಡಿಗೆದಾರರು, ಮನೆಮಾಲೀಕರಿಗೆ ಪುನರ್ವಸತಿ ಕೊಡಲಾಯಿತು. ಮನೆಗಳನ್ನು ಕೆಡವಿದಾಗ ಒಳಗೆ ಸೇರಿಕೊಂಡಿದ್ದ 40ಕ್ಕೂ ಹೆಚ್ಚು ಹಳೆಯ ಗುಡಿಗಳು ಸಿಕ್ಕವು.

ಅನುಕೂಲ ಆಗಿರೋದು ನಿಜ. ಇಕ್ಕಟ್ಟಾದ ಗಲ್ಲಿಯಲ್ಲಿ ನೂಕಾಡುವ ಬದಲು ವಯಸ್ಸಾದವರು ಗಂಗೆಯ ದಡದಿಂದ ಗುಡಿಗೆ ನೇರವಾಗಿ ನಡೆದು ಬರಬಹುದು. ಈ ಗಲ್ಲಿಗಳ ಕೊಳಕಿನ ಬಗ್ಗೆ ಗಾಂಧೀಜಿ 1916ರಲ್ಲೇ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ಮಹಾರಾಜರ ಎದುರಿಗೇ ಬೇಸರ ತೋಡಿಕೊಂಡಿದ್ದರು. ಆದರೆ ಗಲ್ಲಿಯ ಜೊತೆಗೆ ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಒಂದು ಮೊಹಲ್ಲಾ ಕೂಡ ಹೋಯಿತು. ಪರಿಹಾರದ ಹಣ ಮನೆಗೆ ಸಿಗುತ್ತೆ, ನೆರೆಹೊರೆಗೆ ಸಿಗಲ್ಲ. ಈಗ ಅಲ್ಲಿ ಉಚಿತ ಸರತಿ ಒಂದು, ದುಡ್ಡು ಕೊಟ್ಟವರ ‘ಸುಗಮ್ ದರ್ಶನ್’ ಇನ್ನೊಂದು. ಜಾತಿ ಕೇಳುತ್ತಿದ್ದ ಬಾಗಿಲು ಈಗ ಟಿಕೆಟ್ ಕೇಳುತ್ತಿದೆ.

ಜ್ಞಾನವಾಪಿ: ಪ್ರಕರಣ ಎಲ್ಲಿದೆ?

ಗುಡಿಗೆ ಹೊಂದಿಕೊಂಡೇ ಜ್ಞಾನವಾಪಿ ಮಸೀದಿ ಇದೆ. 1991ರ ಪೂಜಾ ಸ್ಥಳಗಳ ಕಾಯ್ದೆಯ ಪ್ರಕಾರ, 1947ರ ಆಗಸ್ಟ್ 15ರಂದು ಇದ್ದ ಧಾರ್ಮಿಕ ಸ್ವರೂಪವನ್ನು ಬದಲಿಸುವಂತಿಲ್ಲ. ಇದರಿಂದ ಹೊರಗಿಟ್ಟಿದ್ದು ಅಯೋಧ್ಯೆ ವಿವಾದವನ್ನು. ಆದರೂ 2021ರಲ್ಲಿ ಐವರು ಮಹಿಳೆಯರು ಶೃಂಗಾರ ಗೌರಿ ಪೂಜೆಗೆ ಅವಕಾಶ ಕೇಳಿ ದಾವೆ ಹೂಡಿದರು. 2022ರ ಸಮೀಕ್ಷೆಯಲ್ಲಿ ಕಂಡ ಒಂದು ರಚನೆಯನ್ನು ಅರ್ಜಿದಾರರು ಶಿವಲಿಂಗ ಅಂದರು, ಮಸೀದಿ ಸಮಿತಿ ಕಾರಂಜಿ ಅಂದಿತು. ಆಮೇಲೆ ಸಮೀಕ್ಷೆ ಮಾಡಿದ ಪುರಾತತ್ವ ಇಲಾಖೆ, ಅಲ್ಲಿ ಹಿಂದೆ ದೊಡ್ಡ ಹಿಂದೂ ದೇವಾಲಯವಿತ್ತು ಎಂದು ವರದಿ ಕೊಟ್ಟಿತು. 2024ರ ಜನವರಿ 31ರಂದು ಜಿಲ್ಲಾ ನ್ಯಾಯಾಲಯ ಮಸೀದಿಯ ಒಂದು ನೆಲಮಾಳಿಗೆಯಲ್ಲಿ ಪೂಜೆಗೆ ಅನುಮತಿಸಿತು. ಅದೇ ವರ್ಷದ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಇಂಥ ಹೊಸ ದಾವೆಗಳನ್ನು ನೋಂದಾಯಿಸಬಾರದು, ಬಾಕಿ ಇರುವ ದಾವೆಗಳಲ್ಲಿ ಸಮೀಕ್ಷೆಯ ಆದೇಶವಾಗಲಿ ಪರಿಣಾಮಕಾರಿ ಆದೇಶವಾಗಲಿ ಕೊಡಬಾರದು ಎಂದು ದೇಶದ ನ್ಯಾಯಾಲಯಗಳಿಗೆ ಸೂಚಿಸಿತು.

1669ರಲ್ಲಿ ಏನಾಯಿತು ಅನ್ನೋದು ಇತಿಹಾಸದ ಪ್ರಶ್ನೆ. ಇವತ್ತು ಅದರ ಬಗ್ಗೆ ಏನು ಮಾಡಬೇಕು ಅನ್ನೋದು ಕಾನೂನಿನ ಪ್ರಶ್ನೆ. ಇವೆರಡನ್ನೂ ಕಲಸಿದಾಗಲೇ ವಾಟ್ಸಾಪ್ ಫಾರ್ವರ್ಡ್ ಹುಟ್ಟೋದು.

ಮಸಣದ ಬೆಂಕಿ ಯಾರದು?

ಮಣಿಕರ್ಣಿಕಾ, ಹರಿಶ್ಚಂದ್ರ ಘಾಟ್‌ಗಳಲ್ಲಿ ಹಗಲು ರಾತ್ರಿ ಚಿತೆ ಉರಿಯುತ್ತೆ. ಹೆಣ ಎಷ್ಟೇ ಮೇಲ್ಜಾತಿಯದಾಗಲಿ, ಬೆಂಕಿ ಬರೋದು ಅಸ್ಪೃಶ್ಯರೆಂದು ದೂರವಿಟ್ಟ ಡೋಮ ಸಮುದಾಯದ ಕೈಯಿಂದ. ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಕುಲದ ಕಾರಣಕ್ಕೆ ಹೊಲತಿಯರನ್ನು ಮದುವೆಯಾಗಲು ಒಪ್ಪದ ರಾಜ, ಕೊನೆಗೆ ಕಾಶಿಯ ಮಸಣದಲ್ಲಿ ವೀರಬಾಹುವಿನ ಆಳಾಗಿ ನಿಲ್ಲುತ್ತಾನೆ. 2019ರಲ್ಲಿ ಡೋಮ ರಾಜಾ ಜಗದೀಶ್ ಚೌಧರಿ ಪ್ರಧಾನಿ ಮೋದಿಯವರ ನಾಮಪತ್ರಕ್ಕೆ ಸೂಚಕರಾಗಿದ್ದರು. 2021ರಲ್ಲಿ ಅವರಿಗೆ ಮರಣೋತ್ತರ ಪದ್ಮಶ್ರೀ ಬಂತು. ಗೌರವ ಸಿಕ್ಕಿತು, ಸರಿ. ಆದರೆ ಹೆಣ ಸುಡುವ ಕೆಲಸ ಇವತ್ತಿಗೂ ಅದೇ ಜಾತಿಯ ಹೆಗಲ ಮೇಲಿದೆ.

ಪಟ್ಟಿಯಲ್ಲಿ ಇಲ್ಲದ ಕಾಶಿ

ವಿಶ್ವವಿದ್ಯಾಲಯದ ಹಿಂದಿರುವ ಸೀರ್ ಗೋವರ್ಧನಪುರದಲ್ಲಿ ಸಂತ ರವಿದಾಸರ ಜನ್ಮಸ್ಥಾನ ಮಂದಿರವಿದೆ. ಚಮ್ಮಾರ ಕುಲದ ರವಿದಾಸರು ದುಃಖವಿಲ್ಲದ, ತೆರಿಗೆಯಿಲ್ಲದ ‘ಬೇಗಂಪುರ’ದ ಕನಸು ಕಂಡವರು. ಮಾಘ ಹುಣ್ಣಿಮೆಯಂದು ಪಂಜಾಬಿನಿಂದ ಇಲ್ಲಿಗೆ ಜನಸಾಗರವೇ ಬರುತ್ತೆ. 2022ರಲ್ಲಿ ಈ ಜಯಂತಿಗಾಗಿ ಚುನಾವಣಾ ಆಯೋಗ ಪಂಜಾಬ್ ವಿಧಾನಸಭೆಯ ಮತದಾನವನ್ನು ಫೆಬ್ರವರಿ 14ರಿಂದ 20ಕ್ಕೆ ಮುಂದೂಡಿತು. ಆದರೆ ನಮ್ಮ ಟೂರ್ ಬಸ್‌ಗಳು ಇಲ್ಲಿ ನಿಲ್ಲೋದು ಅಪರೂಪ.

ಕಬೀರ್ ಚೌರಾದಲ್ಲಿ ಕಬೀರರ ಮಠವಿದೆ. ಕಾಶಿಯಲ್ಲಿ ಸತ್ತರೆ ಮೋಕ್ಷ ಅನ್ನೋ ನಂಬಿಕೆಗೆ ಸವಾಲಾಗಿ ಕಬೀರರು ಸಾಯಲು ಮಗಹರ್‌ಗೆ ಹೋದರು ಅಂತ ಪ್ರತೀತಿ. ಕಾಶಿ ವಿದ್ಯಾಪೀಠದ ಭಾರತ ಮಾತಾ ಮಂದಿರವನ್ನು 1936ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಒಳಗೆ ದೇವರ ಮೂರ್ತಿ ಇಲ್ಲ, ಅವಿಭಜಿತ ಭಾರತದ ಅಮೃತಶಿಲೆಯ ನಕ್ಷೆ ಇದೆ. ಇನ್ನು ಗೊದೌಲಿಯಾ ಹತ್ತಿರದ ಜಂಗಮವಾಡಿ ಮಠ ವೀರಶೈವ ಪಂಚಪೀಠಗಳಲ್ಲಿ ಒಂದು. ಹಿರಿಯರ ನೆನಪಿಗೆಂದು ಭಕ್ತರು ಕೊಟ್ಟ ಸಾವಿರಾರು ಶಿವಲಿಂಗಗಳು ಅಲ್ಲಿವೆ.

ಹೋಗೋರಿಗೆ ಒಂದಿಷ್ಟು

ವಿಶ್ವನಾಥ ಗುಡಿಯೊಳಗೆ ಮೊಬೈಲ್ ಬಿಡಲ್ಲ, ರೂಮಿನಲ್ಲೇ ಇಟ್ಟು ಹೋಗಿ, ಇಲ್ಲವೇ ಲಾಕರ್ ಬಳಸಿ. ಪೂಜೆ ಮಾಡಿಸ್ತೀವಿ ಅಂತ ಗಲ್ಲಿಯಲ್ಲೇ ಕೈ ಹಿಡಿಯುವವರ ಹತ್ತಿರ ದರ ಮೊದಲೇ ಮಾತಾಡಿ. ಚಿತೆಗಳ ಫೋಟೊ, ರೀಲ್ಸ್ ಬೇಡ, ಅದು ಯಾರದೋ ಮನೆಯ ಸಾವು. ಎರಡು ದಿನ ಇದ್ದರೆ ಒಂದು ದಿನವನ್ನು ವಿಶ್ವನಾಥ ಗುಡಿಗೂ ಘಾಟ್‌ಗಳಿಗೂ ಇಟ್ಟುಕೊಳ್ಳಿ. ಇನ್ನೊಂದು ದಿನ ಬೆಳಗ್ಗೆ ಕಬೀರ್ ಚೌರಾ ನೋಡಿ, ಅಲ್ಲಿಂದ ವಿಶ್ವವಿದ್ಯಾಲಯದ ವಿಶ್ವನಾಥ ಗುಡಿ, ಅಲ್ಲಿಂದ ಸೀರ್ ಗೋವರ್ಧನಪುರ. ಟೂರ್‌ನವರ ಜೊತೆ ಹೋಗ್ತಿದ್ದರೆ ದುಡ್ಡು ಕಟ್ಟುವ ಮೊದಲೇ ಕೇಳಿ: ‘ರವಿದಾಸ ಮಂದಿರ ನಿಮ್ಮ ಪಟ್ಟಿಯಲ್ಲಿ ಇದೆಯಾ?’ ನಾಲ್ಕು ಜನ ಕೇಳಿದರೆ ಪಟ್ಟಿ ಬದಲಾಗುತ್ತೆ.