ಪೆಪ್ಪರಮಿಂಟಿನ ವ್ಯಾಪಾರಿಯೂ ಬೆಂಗಳೂರಿನ ವಿಮಾನವೂ

ಸುಳ್ಯ, ಪುತ್ತೂರು ಕಡೆಯಿಂದ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಹೊರಟ ಕಾರುಗಳು ಕಲ್ಲಡ್ಕದಲ್ಲಿ ಚಹಾಕ್ಕೆ ನಿಲ್ಲುವುದುಂಟು. ಗಲ್ಫಿಗೆ ಹೊರಟವನು ಕೆ.ಟಿ. (ಕಲ್ಲಡ್ಕ ಟೀ) ಗ್ಲಾಸನ್ನು ಬೆಳಕಿಗೆ ಹಿಡಿದು, ಕೆಳಗಿನ ಹಾಲು, ಮೇಲಿನ ಕಪ್ಪು ಡಿಕಾಕ್ಷನ್ ಬೆರೆಯುವ ಮೊದಲೇ ಫೋಟೊ ತೆಗೆಯುತ್ತಾನೆ. ವಿಮಾನ ಹತ್ತುವುದು ನಮ್ಮವರಿಗೆ ಅಷ್ಟು ಮಾಮೂಲು. ಆದರೆ ವಿಮಾನದ ಉದ್ಯಮವನ್ನು ಈ ರಾಜ್ಯಕ್ಕೆ ತಂದವರು ಯಾರೆಂದು ಕೇಳಿದರೆ ‘ಸರ್ಕಾರ, ಎಚ್‌ಎಎಲ್’ ಎಂಬ ಉತ್ತರ ಬರುತ್ತದೆ. ಅದು ಅರ್ಧ ಸತ್ಯ.

ಎಚ್‌ಎಎಲ್ ಹುಟ್ಟಿದ್ದು ಒಬ್ಬ ವ್ಯಾಪಾರಿಯ ಹಟದಿಂದ. ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ (1882–1953) ರೈಲ್ವೆ ಕಂತ್ರಾಟು ಹಿಡಿದು, ಹಡಗು ಕಂಪನಿ ಕಟ್ಟಿ, ಸಕ್ಕರೆ ಕಾರ್ಖಾನೆ ನಡೆಸಿದವರು. ಅಂಗಡಿಯ ಗಾಜಿನ ಭರಣಿಯಲ್ಲಿರುತ್ತಿದ್ದ ರಾವಲ್‌ಗಾಂವ್ ಪೆಪ್ಪರಮಿಂಟು ಅವರ ಕಂಪನಿಯದೇ. 1939ರಲ್ಲಿ ಅಮೆರಿಕದಿಂದ ಮರಳುವಾಗ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಸಿಕ್ಕರು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕನ್. ಮಾತು ಅಲ್ಲೇ ಶುರುವಾಯಿತು. ಕೈಹಿಡಿದದ್ದು ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್: ಬೆಂಗಳೂರಿನಲ್ಲಿ ಜಮೀನು, ಮೇಲಿಂದ ಸಂಸ್ಥಾನದ 25 ಲಕ್ಷ ರೂಪಾಯಿ ಬಂಡವಾಳ. 1940ರ ಡಿಸೆಂಬರ್ 23ರಂದು ಕಂಪನಿ ನೋಂದಣಿಯಾಯಿತು. 1941ರ ಆಗಸ್ಟಿನಲ್ಲಿ ಹಾರ್ಲೋ ತರಬೇತಿ ವಿಮಾನ ಹಾರಿಯೂ ಆಯಿತು! ನಮ್ಮಲ್ಲಿ ಏಣೆಲು, ಸುಗ್ಗಿ ಎರಡು ಬೆಳೆ ಕೊಯ್ಯುವಷ್ಟು ಸಮಯ. ಬರೀ ಜೋಡಣೆ ಎಂದು ಮೂಗು ಮುರಿಯುವವರಿದ್ದಾರೆ. ಸ್ಕ್ರೂ ತಿರುಗಿಸಲು ಬಾರದವನು ವಿನ್ಯಾಸ ಮಾಡಿಯಾನೇ?

ಯುದ್ಧದಲ್ಲಿ ಜಪಾನ್ ಹತ್ತಿರ ಬಂದಂತೆ ಬ್ರಿಟಿಷ್ ಸರ್ಕಾರಕ್ಕೆ ಕಾರ್ಖಾನೆ ಬೇಕಾಯಿತು. 1942ರಲ್ಲಿ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಒಂದೂವರೆ ವರ್ಷವೂ ಅವರ ಕೈಯಲ್ಲಿ ಉಳಿಯಲಿಲ್ಲ.

ಆಮೇಲಿನದು ಗೊತ್ತಿದ್ದ ಕತೆ: 1961ರಲ್ಲಿ ಮಾರುತ್, 2001ರಲ್ಲಿ ತೇಜಸ್ ಯುದ್ಧವಿಮಾನ ಹಾರಿದವು. ನನಗೆ 1951ರ ಮೇಲೆ ಕಣ್ಣು. ಕಾರ್ಖಾನೆಯ ವಿನ್ಯಾಸಕಾರ ಘಾಟಗೆಯವರು ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಆ ಆಗಸ್ಟಿನಲ್ಲಿ ಹಾರಿತು. ಡಿಸೆಂಬರ್ 25ರಂದು ನೆಹರೂ ಡಕೋಟದಲ್ಲಿ ಬಜಪೆಗೆ ಬಂದಿಳಿದರು. ಗೊರೂರಿನಲ್ಲಿ ಬೆಳೆದ ಜಿ.ಆರ್. ಗೋಪಿನಾಥ್ ಹುಟ್ಟಿದ್ದೂ ಅದೇ ವರ್ಷ.

ಸೇನೆ ಬಿಟ್ಟು ಬಂದು ಜಾವಗಲ್ಲಿನಲ್ಲಿ ಬೇಸಾಯ ಮಾಡಿದ ಈ ಕ್ಯಾಪ್ಟನ್ 2003ರಲ್ಲಿ ಏರ್ ಡೆಕ್ಕನ್ ತೆಗೆದು ಒಂದು ರೂಪಾಯಿ ಟಿಕೆಟನ್ನೂ ಮಾರಿದರು. ಅದೂ ಕಿಂಗ್‌ಫಿಶರ್ ಪಾಲಾಯಿತು. 2012ರಲ್ಲಿ ಕಿಂಗ್‌ಫಿಶರೇ ನೆಲ ಹಿಡಿಯಿತು. ಕಟ್ಟಿದವನ ಕೈಯಲ್ಲಿ ವಿಮಾನ ಉಳಿಯದು, ಆದರೆ ಜನರಿಗೆ ಹತ್ತಿದ ಅಭ್ಯಾಸ ಉಳಿದುಬಿಡುತ್ತದೆ.

ಬಜಪೆಯಿಂದ ದುಬೈಗೆ ನೇರ ವಿಮಾನ ಹೊರಟದ್ದು 2006ರಲ್ಲಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಮಂದಿ ಸತ್ತರು, 8 ಮಂದಿ ಉಳಿದರು. ಆ ದಿನವನ್ನು ಬಿಟ್ಟು ಕರಾವಳಿಯವರು ವಿಮಾನದ ಮಾತಾಡಲಾರರು.

2020ರ ಅಕ್ಟೋಬರ್ 31ರಿಂದ ಆ ನಿಲ್ದಾಣ ನಡೆಸುತ್ತಿರುವುದು ಅದಾನಿ ಕಂಪನಿ. ಮತ್ತೆ ವ್ಯಾಪಾರಿಯೇ.